ಕೊನೆಯ ಗಾಡಿಯವನ ಪಿಸ್ತೂಲು

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿಬಿಡಿ. ಅರ್ಧಕ್ಕೇ ಎದ್ದು ಹೋಗಿ 'ವೆಂಡೆಲ್ ಟಿಪೆಟ್ಸ್ ಒಬ್ಬ ಪೆದ್ದ' ಅಂತ ಹೇಳಿಕೊಂಡು ಓಡಾಡಬೇಡಿ. ಹಾಗೆ ಹೇಳುವವರು ಅಮೆರಿಕದ ಐಡಾಹೊದ ಆ ಕಣಿವೆಯಲ್ಲಿ ಈಗಾಗಲೇ ಬೇಕಾದಷ್ಟು ಜನ ಇದ್ದಾರೆ. ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

ಎಲ್ಲದಕ್ಕೂ ಮೂಲ ಒಂದು ಸೀಟ್ ಬೆಲ್ಟು.

ವೆಂಡೆಲ್ ವಾರವೆಲ್ಲ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡುವವನು. ಶನಿವಾರ ಬಂತೆಂದರೆ ಬಾಗಿಲಿಲ್ಲದ, ಕಬ್ಬಿಣದ ಪಂಜರದಂಥ ತನ್ನ ಗಾಡಿ ಹತ್ತಿ, ಅಂಥದೇ ಗಾಡಿಗಳವರ ಕ್ಲಬ್ಬಿನ ಜೊತೆ ಬೆಟ್ಟದ ದಾರಿ ಹಿಡಿಯುತ್ತಿದ್ದ. ಸಾಲಿನ ಮುಂದಿನ ಗಾಡಿ ಅವನ ಹೆಂಡತಿಯ ಅಣ್ಣ ಡಿಲಾಯ್‌ನದು. ಕೊನೆಯ ಗಾಡಿ ವೆಂಡೆಲ್‌ನದು. ಯಾರದಾದರೂ ಚಕ್ರ ಪಂಕ್ಚರ್ ಆದರೆ, ಯಾರಾದರೂ ಕೆಸರಲ್ಲಿ ಹೂತುಕೊಂಡರೆ ಎಳೆದು ತೆಗೆಯುವವನು ಅವನೇ. ಹಗ್ಗ, ಗಾಳಿ ಪಂಪು, ಪೆಟ್ರೋಲ್ ಕ್ಯಾನು ಎಲ್ಲ ಅವನ ಬೆನ್ನಿಗೆ. ಅದೆಲ್ಲ ಅವನಿಗೆ ಬೇಸರವಿರಲಿಲ್ಲ. ಬೇಸರ ಧೂಳಿನದು. ಮುಂದಿನ ಅಷ್ಟೂ ಗಾಡಿಗಳು ಎಬ್ಬಿಸಿದ ಧೂಳು ಕೊನೆಗೆ ಬಂದು ಸೇರುವುದು ಕೊನೆಯವನ ಬಾಯಿಗೆ. ಸಂಜೆ ಮನೆಗೆ ಬಂದರೆ ಹಿಟ್ಟಿನ ಗಿರಣಿಯಲ್ಲಿ ಮಲಗಿ ಎದ್ದವನ ಹಾಗೆ ಕಾಣುತ್ತಿದ್ದ. ಹೆಂಡತಿ ಮಾರ್ವಾ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಕಾರ್ಪೆಟ್ ಕೊಡವುವ ಬಡಿಗೆಯಲ್ಲಿ ನಾಲ್ಕು ಬಡಿದು ಒಳಗೆ ಬಿಡುತ್ತಿದ್ದಳು. ಬೆಟ್ಟದ ಮೇಲಿನಿಂದ ಕಣಿವೆ ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಅವನು ನಂಬಿದ್ದ, ನೋಡಿರಲಿಲ್ಲ.

ಹೀಗಿರುವಾಗ ಡಿಲಾಯ್ ಒಂದು ಸುದ್ದಿ ಹೇಳಿದ. ಬೇಸಿಗೆಯ ರಜೆಯಲ್ಲಿ ಕ್ಲಬ್ಬಿನವರು ಮಕ್ಕಳು ಮರಿಗಳನ್ನೆಲ್ಲ ಕಟ್ಟಿಕೊಂಡು ಹೋಗುವ ದೊಡ್ಡ ಸವಾರಿಗೆ ಈ ಸಲ ತಾನು ಮುಂದೆ ಹೋಗುವುದಿಲ್ಲ, ಮಂಡಿ ನೋವು. ಮುಂದಾಳು ಯಾರೆಂದು ಈ ಶನಿವಾರ, ಬೆಟ್ಟದ ಮೇಲಿನ ಹಳೇ ಗಣಿಯ ಹತ್ತಿರ ಊಟವಾದ ಮೇಲೆ ಹೇಳುತ್ತೇನೆ ಅಂದ. ಆದರೆ ಒಂದು ಷರತ್ತು. ವಸಂತದಲ್ಲಿ ಕರಡಿಯೊಂದು ಅದೇ ದಾರಿಯಲ್ಲಿ ಯಾರದೋ ಐಸ್ ಪೆಟ್ಟಿಗೆಯನ್ನು ಕಿತ್ತಳೆ ಸುಲಿದಂತೆ ಸುಲಿದು ಹಾಕಿತ್ತು. ಹಾಗಾಗಿ ಮುಂದಾಳುವಿನ ಮೈಮೇಲೆ ಪಿಸ್ತೂಲು ಇರಲೇಬೇಕು.

"ಗಾಡಿ ಡಬ್ಬೀಲಿ ಇಟ್ಟಿದ್ದು ಲೆಕ್ಕಕ್ಕಿಲ್ಲ" ಅಂದ ಡಿಲಾಯ್, ವೆಂಡೆಲ್‌ನನ್ನೇ ನೋಡುತ್ತ. "ನೀನು ಡಬ್ಬಿ ಬೀಗ ತೆಗೆಯೋವರೆಗೂ ಕರಡಿ ಕೈಕಟ್ಟಿಕೊಂಡು ನಿಂತಿರಲ್ಲ ಕಣಯ್ಯ."

ಡಿಲಾಯ್‌ನ ಪಿಸ್ತೂಲು ಯಾವಾಗಲೂ ಅವನ ಸೊಂಟದಲ್ಲೇ. ಮಾವ ಸಾಯುವಾಗ ಒಂದೇ ಅಚ್ಚಿನ ಎರಡು ರಿವಾಲ್ವರ್ ಬಿಟ್ಟುಹೋಗಿದ್ದರು. ಒಂದು ಮಗನಿಗೆ, ಒಂದು ಮಗಳು ಮಾರ್ವಾಗೆ. ಡಿಲಾಯ್ ತನ್ನದನ್ನು ಅಪ್ಪನ ಹಳೇ ಚರ್ಮದ ಚೀಲದಲ್ಲೇ, ಅಪ್ಪನ ಹಾಗೇ ಸೊಂಟಕ್ಕೆ ತೂಗಿಬಿಟ್ಟುಕೊಳ್ಳುತ್ತಿದ್ದ. ಅದಕ್ಕೆ ಮುಚ್ಚಳವಿಲ್ಲ, ಗುಂಡಿಯಿಲ್ಲ. ಕುಲುಕಾಡುವ ಗಾಡಿಯಲ್ಲಿ ಇದು ಸರಿಯಲ್ಲ, ಎದೆಗೆ ಕಟ್ಟಿಕೋ ಅಂತ ಎಲ್ಲರೂ ಹೇಳುತ್ತಿದ್ದರು. ಎದೆಗೆ ಕಟ್ಟಿಕೊಳ್ಳುವುದು ಹಾಲು ಕುಡಿಯುವ ಮಗುವನ್ನು ಅಂತ ಅವನು ನಗುತ್ತಿದ್ದ.

ಮಾರ್ವಾ ಗಂಡನಿಗೆ ಎದೆಗೆ ಕಟ್ಟುವ ಹೊಸ ಚೀಲ ತಂದುಕೊಟ್ಟಳು. ಅಪ್ಪನ ರಿವಾಲ್ವರನ್ನು ಅದರಲ್ಲಿಡುತ್ತ, "ಇದನ್ನ ಕಳೆದುಕೊಂಡು ಬಂದ್ರೆ ನೀನೂ ಬರಬೇಡ" ಅಂದಳು. ತಮಾಷೆಗೆ ಅಂದಳೋ ಅಲ್ಲವೋ ಅವನಿಗೆ ತಿಳಿಯಲಿಲ್ಲ.

ಶನಿವಾರ ಬೆಳಗ್ಗೆ ಡಿಲಾಯ್ ಇವರ ಮನೆಯಲ್ಲೇ ಬನ್ನಿನಂಥ ಮೆತ್ತನೆಯ ಬಿಸ್ಕೆಟ್ಟು, ಅದರ ಮೇಲೆ ಸುರಿಯುವ ಮಾಂಸದ ಗ್ರೇವಿ ಎರಡು ಸಲ ಹಾಕಿಸಿಕೊಂಡು ತಿಂದ. ಮೂವರೂ ಬೆಟ್ಟದ ಬುಡಕ್ಕೆ ಹೋಗಿ, ಟ್ರೇಲರಿನಿಂದ ಗಾಡಿಗಳನ್ನು ಇಳಿಸಿದರು. ಮಾರ್ವಾ ಮಧ್ಯಾಹ್ನದ ಊಟ ಬೇಯಿಸಿಕೊಂಡು ಪಿಕಪ್ಪಿನಲ್ಲಿ ರಸ್ತೆ ಕಡೆಯಿಂದ ಗಣಿಗೆ ಬರುವುದೆಂದು ಮಾತಾಗಿತ್ತು.

ವೆಂಡೆಲ್ ಗಾಡಿಯಲ್ಲಿ ಕೂತು ಬೆಲ್ಟು ಎಳೆದ. ಎದೆಯ ಮೇಲೆ ಪಿಸ್ತೂಲು, ಅದೇ ಎದೆಯ ಮೇಲೆ ಬೆಲ್ಟಿನ ಕೊಂಡಿ. ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದಂತಾಯಿತು. ಪಟ್ಟಿ ಸಡಿಲಿಸಿದ, ಬಿಗಿ ಮಾಡಿದ. ಪಿಸ್ತೂಲು ತೆಗೆದು ಪಕ್ಕಕ್ಕಿಟ್ಟು ಮತ್ತೆ ಸಡಿಲಿಸಿದ. ಮುಂದಿನಿಂದ ಡಿಲಾಯ್ ಹಾರ್ನ್ ಒತ್ತಿದ. ಅವನ ಹಿಂದಿನ ಗಾಡಿಯ ನೊರೀನಜ್ಜಿ, ಎಪ್ಪತ್ತು ದಾಟಿದರೂ ಬಂಡೆಗಳ ಮೇಲೆ ಗಾಡಿ ಹಾರಿಸುವ ಹೆಂಗಸು, ತಾನೂ ಒತ್ತಿದಳು. ಆ ಗಡಿಬಿಡಿಯಲ್ಲಿ ಕೊಂಡಿ 'ಟಕ್' ಅಂತ ಕೂತೇಬಿಟ್ಟಿತು. ವೆಂಡೆಲ್‌ಗೆ ಎಷ್ಟು ಖುಷಿಯಾಯಿತೆಂದರೆ, ಚೀಲದ ಗುಂಡಿ ಹಾಕಿ ಹೊರಟೇಬಿಟ್ಟ.

ದಾರಿಯ ಮಧ್ಯೆ ಒಂದು ಜಾಗವಿದೆ. ಬಂಡೆಗಳೇ ಮೆಟ್ಟಿಲಾಗಿ ನಿಂತದ್ದು. ಅಲ್ಲಿ ಹತ್ತುವಾಗ ಬಾಯಲ್ಲಿರುವ ಹಲ್ಲೆಲ್ಲ ಜಾಗ ಬದಲಾಯಿಸುತ್ತವೆ. ಅದನ್ನು ದಾಟಿ ಹಳ್ಳದ ಹತ್ತಿರ ಎಲ್ಲರೂ ನೀರು ಕುಡಿಯಲು ನಿಂತಾಗ ವೆಂಡೆಲ್ ಬೆಲ್ಟು ಬಿಚ್ಚಿ, ಎದೆ ತಟ್ಟಿ ನೋಡಿಕೊಂಡ. ಚೀಲ ಚಪ್ಪಟೆಯಾಗಿತ್ತು.

ಮೆಟ್ಟಿಲು ಬಂಡೆಯಲ್ಲೇ ಹಾರಿ ಬಿದ್ದಿರಬೇಕು. ಮಾವನ ಪಿಸ್ತೂಲು, ಗುಂಡು ತುಂಬಿದ್ದು, ನಾಳೆ ಯಾರದೋ ಮಕ್ಕಳು ಓಡಾಡುವ ದಾರಿಯಲ್ಲಿ. ಊಟದ ಹೊತ್ತಿಗೆ ಸಿಗದಿದ್ದರೆ ಮುಂದಾಳುತನವೂ ಇಲ್ಲ, ಮನೆಯೂ ಇಲ್ಲ. ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡ.

ವಾಪಸ್ಸು ಹೋಗಲು ಒಂದು ನೆಪ ಬೇಕಿತ್ತು. ನೀರಿನ ಬಾಟಲಿ ಬಿದ್ದುಹೋಯಿತು ಅಂದ. ಮೂರು ಬಾಟಲಿಗಳು ಅವನ ಕೈಗೆ ಬಂದವು. ಕೈಗವಸೂ ಬಿದ್ದಿದೆ ಅಂದ. ಎಲ್ಲರೂ ಸೇರಿ ಹುಡುಕೋಣ ಅಂತ ಗಾಡಿ ತಿರುಗಿಸತೊಡಗಿದರು. ಬೇರೆ ದಾರಿ ಕಾಣದೆ ಕೊನೆಗೆ, ಹೊಟ್ಟೆ ಸರಿಯಿಲ್ಲ, ಸ್ವಲ್ಪ ಮರೆಗೆ ಹೋಗಿಬರುತ್ತೇನೆ ಅಂದ.

"ಅಯ್ಯೋ ಪಾಪ" ಅನ್ನುತ್ತ ನೊರೀನಜ್ಜಿ ಒಂದು ಸುರುಳಿ ಕಾಗದ, ಮಡಚುವ ಸಲಿಕೆ ಮತ್ತು ಎರಡು ಬಗೆಯ ಮಾತ್ರೆ ಕೊಟ್ಟಳು. "ಬೆಳಗ್ಗೆ ಏನು ತಿಂದೆ?"

"ಗ್ರೇವಿ."

"ಮಾರ್ವಾದಾ?" ಅಂದಳು ಅಜ್ಜಿ. ತಲೆ ಆಡಿಸಿದ ರೀತಿಯಲ್ಲೇ ಎಲ್ಲ ಇತ್ತು.

ವೆಂಡೆಲ್ ಸಲಿಕೆ ಹಿಡಿದು ಮೆಟ್ಟಿಲು ಬಂಡೆಗೆ ಬಂದ. ಒಂದೊಂದು ಪೊದೆಯನ್ನೂ ತಲೆ ಬಾಚಿದಂತೆ ಬಾಚಿ ನೋಡುತ್ತಿರುವಾಗ ಇನ್ನೊಂದು ಗಾಡಿಯ ಸದ್ದು. ಡಿಲಾಯ್. ಬಿಸಿಲಲ್ಲಿ ದಪ್ಪ ಉಣ್ಣೆ ಅಂಗಿಯನ್ನು ಸೊಂಟಕ್ಕೆ ಸುತ್ತಿಕೊಂಡಿದ್ದ.

"ನೀವ್ಯಾಕೆ ಬಂದ್ರಿ ಭಾವ?"

ಡಿಲಾಯ್ ಆಕಾಶ ನೋಡಿದ, ನೆಲ ನೋಡಿದ. "ನನಗೂ ಹೊಟ್ಟೆ. ಅದೇ ಗ್ರೇವಿ ಇರಬೇಕು."

ಇಬ್ಬರೂ ಎದುರುಬದುರು ನಿಂತರು. ನೀನು ಆ ಕಡೆ ಹೋಗು, ನಾನು ಈ ಕಡೆ ಅಂತ ಹಂಚಿಕೊಂಡರು. ಆದರೆ ಯಾರೂ ಮರೆಗೆ ಹೋಗಲಿಲ್ಲ. ಇಬ್ಬರೂ ಸೊಂಟ ಬಗ್ಗಿಸಿ, ಮೇಯುವ ಎರಡು ಹಸುಗಳ ಹಾಗೆ ನೆಲ ನೋಡುತ್ತ ನಡೆದರು. ಒಬ್ಬರನ್ನೊಬ್ಬರು ನೋಡಿದಾಗ ಹೊಟ್ಟೆ ಹಿಡಿದುಕೊಂಡು ನರಳಿದರು. ಜಾಗ ಮಟ್ಟಸ ಇರಬೇಕಲ್ಲ, ಹುಡುಕುತ್ತಿದ್ದೇನೆ ಅಂತ ಡಿಲಾಯ್ ವಿವರಣೆಯನ್ನೂ ಕೊಟ್ಟ.

ಸೇಜ್ ಪೊದೆಯೊಂದರ ಬುಡದಲ್ಲಿ ಕಪ್ಪಗೆ ಮಿನುಗಿದ್ದು ವೆಂಡೆಲ್‌ನ ಕಣ್ಣಿಗೆ ಬಿತ್ತು. ಅದೇ ರಿವಾಲ್ವರ್. ಗುಂಡುಗಳನ್ನು ಬಿಚ್ಚಿ ಪ್ಯಾಂಟಿನ ಜೇಬಿಗೆ, ಪಿಸ್ತೂಲನ್ನು ಎದೆಯ ಚೀಲಕ್ಕೆ ಇಳಿಸಿ ಜಿಪ್ಪು ಎಳೆದ. ಕಣ್ಣಲ್ಲಿ ನೀರು ಬಂತು. ಭಾವನಿಗೆ ಕೂಗಿ ಹೇಳಿದ, ನನ್ನದು ಆಯಿತು ಅಂತ. ಡಿಲಾಯ್ ಪೊದೆಯಿಂದ ತಲೆ ಎತ್ತಿದ. ಅವನ ಮುಖ ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯಂತೆ ಕುಸಿದುಹೋಗಿತ್ತು.

ಗಣಿಯ ಹತ್ತಿರ ಮಾರ್ವಾ ಇನ್ನೂ ಬಂದಿರಲಿಲ್ಲ. ಊಟಕ್ಕೆ ಮುಂಚೆ ಖಾಲಿ ಡಬ್ಬಿಗಳಿಗೆ ಗುರಿಯಿಟ್ಟು ಹೊಡೆಯುವುದು ಕ್ಲಬ್ಬಿನ ಪದ್ಧತಿ. ನೊರೀನಜ್ಜಿ ಆಗಲೇ ದಿಬ್ಬದ ಮೇಲೆ ಡಬ್ಬಿಗಳನ್ನು ಸಾಲಾಗಿ ಇಡುತ್ತಿದ್ದಳು. ವೆಂಡೆಲ್ ಒಂದು ಬಂಡೆಯ ಹಿಂದೆ ಹೋಗಿ ಪಿಸ್ತೂಲಿನ ಧೂಳು ಒರೆಸಿದ. ಒರೆಸುತ್ತ ಅವನ ಕೈ ನಿಂತುಹೋಯಿತು.

ಮರದ ಹಿಡಿಯ ಮೇಲೆ ಹಲ್ಲಿನ ಗುರುತುಗಳು.

ಇದು ಡಿಲಾಯ್‌ನದು. ಅವನ ನಾಯಿ ಮರಿಯಾಗಿದ್ದಾಗ ಕಚ್ಚಿ ಮಾಡಿದ ಗುರುತು ಅದು, ಕ್ಲಬ್ಬಿಗೆಲ್ಲ ಗೊತ್ತು. ಉಣ್ಣೆ ಅಂಗಿ, ಹೊಟ್ಟೆನೋವು, ಮಟ್ಟಸವಾದ ಜಾಗ, ಎಲ್ಲ ಒಟ್ಟಿಗೆ ಅವನಿಗೆ ಅರ್ಥವಾಯಿತು. ಅಂದರೆ ತನ್ನದು ಇನ್ನೂ ಎಲ್ಲೋ ಬಿದ್ದಿದೆ.

ಆದರೆ ಕೈಯಲ್ಲಿರುವುದನ್ನು ಎಲ್ಲರೆದುರು ಎತ್ತಿ ಹಿಡಿದರೆ ಸಾಕು. 'ಯಾರದಪ್ಪಾ ಇದು, ದಾರಿಯಲ್ಲಿ ಬಿದ್ದಿತ್ತು?' ಇಷ್ಟು ವರ್ಷ ಉಪದೇಶ ಕೊಟ್ಟ ಡಿಲಾಯ್ ಮತ್ತೆ ಬಾಯಿ ತೆರೆಯಲಾರ. ಕ್ಲಬ್ಬಿನವರೇ ಮುಂದಿನ ಗಾಡಿ ವೆಂಡೆಲ್‌ಗೆ ಕೊಡುತ್ತಾರೆ.

ಅತ್ತ ಡಿಲಾಯ್, ಡಬ್ಬಿಗಳ ಮುಂದೆ ನಿಂತು ಗುಂಡು ಹೊಡೆಯುವ ಬದಲು ಭಾಷಣ ಹೊಡೆಯುತ್ತಿದ್ದ. ಗಾಳಿ ಜಾಸ್ತಿಯಿದೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಎಲ್ಲಕ್ಕಿಂತ ಮುಖ್ಯ ಎಚ್ಚರಿಕೆ. ಎಚ್ಚರಿಕೆ ಅನ್ನುವಾಗ ಅವನ ದನಿ ನಡುಗಿತು. ಆ ನಡುಕ ಕೇಳಿ ವೆಂಡೆಲ್‌ನ ಮನಸ್ಸು ಬೆಣ್ಣೆಯಾಯಿತು. ಅವನು ಹಿಂದಿನಿಂದ ನುಸುಳಿ ಹೋಗಿ, ಡಿಲಾಯ್‌ನ ಗಾಡಿಯ ಸೀಟಿನ ಮೇಲಿದ್ದ ಹೆಲ್ಮೆಟ್ಟಿನೊಳಗೆ ಪಿಸ್ತೂಲಿಟ್ಟು, ಮೇಲೆ ಕೈಗವಸು ಮುಚ್ಚಿದ.

"ಭಾವ, ನಿಮ್ಮ ಗಾಡೀಲಿ ಎಣ್ಣೆ ಸೋರ್ತಿರೋ ಹಾಗಿದೆ. ಸೀಟಿನ ಹತ್ರ ಒಂದ್ಸಲ ನೋಡಿಬನ್ನಿ."

ಡಿಲಾಯ್ ಹೋದ. ತುಂಬ ಹೊತ್ತು ಅಲ್ಲೇ ಬಗ್ಗಿ ನಿಂತಿದ್ದ. ವಾಪಸ್ಸು ಬಂದಾಗ ಉಣ್ಣೆ ಅಂಗಿ ಸೊಂಟದಲ್ಲಿರಲಿಲ್ಲ, ಪಿಸ್ತೂಲಿತ್ತು. ನಡಿಗೆಯೇ ಬೇರೆಯಾಗಿತ್ತು. ಡಬ್ಬಿಗೆ ಗುರಿಯಿಟ್ಟು ಪಿಸ್ತೂಲಿನ ಕುದುರೆ ಎಳೆದ. 'ಟಿಕ್' ಅಂತಷ್ಟೇ ಸದ್ದಾಯಿತು.

ಗುಂಡುಗಳು ವೆಂಡೆಲ್‌ನ ಜೇಬಿನಲ್ಲಿದ್ದವು. ಡಿಲಾಯ್ ನಿಧಾನಕ್ಕೆ ತಿರುಗಿ ಅವನನ್ನು ನೋಡಿದ. ವೆಂಡೆಲ್ ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡು ನಿಂತಿದ್ದ.

"ನೋಡಿದ್ರಾ?" ಅಂದ ಡಿಲಾಯ್, ಎಲ್ಲರ ಕಡೆ ತಿರುಗಿ. "ಕೈಗೆ ತಗೊಂಡ ತಕ್ಷಣ ಗುಂಡು ಇದೆಯೋ ಇಲ್ಲವೋ ನೋಡಬೇಕು. ಅದನ್ನೇ ತೋರಿಸಿಕೊಟ್ಟೆ." ಜನ ತಲೆದೂಗಿದರು. "ಈಗ ವೆಂಡೆಲ್ ಬಾ."

ವೆಂಡೆಲ್ ಜಿಪ್ಪು ಇಳಿಸಿದ. ನಿಜ ಹೇಳಿಬಿಡೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಪಿಕಪ್ಪು ಬಂದು ನಿಂತಿತು. ಮಾರ್ವಾ ಒಂದು ಕೈಯಲ್ಲಿ ಚೀಸು ಸುರಿದ ಆಲೂಗಡ್ಡೆಯ ಕಬ್ಬಿಣದ ಪಾತ್ರೆ, ಇನ್ನೊಂದು ಕೈಯಲ್ಲಿ ಅಡುಗೆಮನೆಯ ಬಟ್ಟೆಯ ಗಂಟು ಹಿಡಿದು ಇಳಿದಳು. ಗಂಟು ಬಿಚ್ಚಿದರೆ ರಿವಾಲ್ವರ್.

"ಟ್ರೇಲರಿನ ಚಕ್ರದ ಮೇಲೆ ಬಿಟ್ಟು ಹೋಗಿದೀಯಲ್ಲ ಮಾರಾಯ" ಅಂದಳು. "ನೀವು ಹೊರಟ ಮೇಲೆ ನಾನು ಆ ಕಡೆ ಹೋಗದೇ ಇದ್ದಿದ್ರೆ?"

ನಕ್ಕವರ ಸದ್ದು ಗಣಿಯೊಳಗೆ ಹೋಗಿ ತಿರುಗಿ ಬಂತು. ಅಷ್ಟು ಸಾಲದೆಂಬಂತೆ ನೊರೀನಜ್ಜಿ ಮಾರ್ವಾಳನ್ನು ಪಕ್ಕಕ್ಕೆ ಕರೆದು, ಬೆಳಗಿನ ಗ್ರೇವಿ ಇಬ್ಬರಿಗೂ ಹೇಗೆ ಕೈಕೊಟ್ಟಿತು ಅಂತ ವಿವರವಾಗಿ ತಿಳಿಸಿದಳು. ಮಾರ್ವಾ ಗಂಡನ ಕಡೆ ನೋಡಿದ ನೋಟಕ್ಕೆ ಪಾತ್ರೆಯ ಆಲೂಗಡ್ಡೆ ಇನ್ನೊಂದು ಸಲ ಬೆಂದಿರಬೇಕು. ಅವನ ತಟ್ಟೆಗೆ ಬಿದ್ದದ್ದು ತಳ ಹತ್ತಿದ ಭಾಗ.

ಊಟವಾದ ಮೇಲೆ ಡಿಲಾಯ್ ಎದ್ದು ನಿಂತ. ಪಿಸ್ತೂಲನ್ನು ಟ್ರೇಲರಿನ ಮೇಲೆ ಬಿಟ್ಟು ಬರುವವನ ಹಿಂದೆ ಮಕ್ಕಳನ್ನು ಕಳಿಸಲಾಗುವುದಿಲ್ಲ, ಮಂಡಿ ನೋವಿದ್ದರೂ ಈ ಸಲವೂ ತಾನೇ ಮುಂದೆ ಹೋಗುತ್ತೇನೆ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ವೆಂಡೆಲ್ ಕೂಡ ತಟ್ಟಿದ.

ಹೊರಡುವ ಮುಂಚೆ ಡಿಲಾಯ್ ಅವನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದ. ಗುಂಡುಗಳನ್ನು ವಾಪಸ್ಸು ಇಸಿದುಕೊಂಡ. ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ.

"ನೀನು ಮಾಡಿದ ಉಪಕಾರ ನಾನು ಮರೆಯಲ್ಲ. ಮುಂದೆ ಹೋಗೋಕೆ ಯಾರು ಬೇಕಾದ್ರೂ ಸಿಗ್ತಾರೆ ವೆಂಡೆಲ್. ಬಿದ್ದಿದ್ದನ್ನ ಎತ್ತಿಕೊಂಡು ಬಾಯಿ ಮುಚ್ಚಿಕೊಂಡಿರೋನು ಎಲ್ಲಿ ಸಿಗ್ತಾನೆ ಹೇಳು. ನಾನಿರೋವರೆಗೂ ಕೊನೇ ಗಾಡಿ ನಿಂದೇ."

ಹೀಗೆ ವೆಂಡೆಲ್ ಮತ್ತೆ ಧೂಳಿನೊಳಗೆ ಹೊರಟ. ಇಳಿಯುವಾಗ ಮೆಟ್ಟಿಲು ಬಂಡೆಯ ಹತ್ತಿರ ಅವನಿಗೆ ಏನೋ ಕಂಡಂತಾಗಿ ಗಾಡಿ ನಿಲ್ಲಿಸಿದ. ಇಳಿದು ನೋಡಿದರೆ, ದಾರಿಯ ಮಧ್ಯೆ, ಹಿಡಿಯ ಮೇಲೆ ನಾಯಿಮರಿಯ ಹಲ್ಲಿನ ಗುರುತಿರುವ ಅದೇ ರಿವಾಲ್ವರ್.

ಅದನ್ನು ಎತ್ತಿಕೊಂಡು ಗುಂಡು ಬಿಚ್ಚಿದ. ಅಷ್ಟರಲ್ಲಿ ಮುಂದಿನವರು ದೂರ ಹೋಗಿದ್ದರು, ಧೂಳು ನಿಧಾನಕ್ಕೆ ಕೂತುಕೊಳ್ಳುತ್ತಿತ್ತು. ಮೊದಲ ಸಲ ಅವನಿಗೆ ಕಣಿವೆ ಕಾಣಿಸಿತು. ಹಸಿರು ಆಲೂಗಡ್ಡೆ ಹೊಲಗಳು, ನಡುವೆ ಹೊಳೆಯುವ ಹೊಳೆ. ಜನ ಹೇಳಿದ್ದು ನಿಜವೇ ಆಗಿತ್ತು. ಗಾಳಿ ಎಷ್ಟು ತಿಳಿಯಾಗಿತ್ತೆಂದರೆ ಬಾಯಿ ತೆರೆದು ಕುಡಿಯಬಹುದಿತ್ತು.

ಗಾಡಿಯ ರೇಡಿಯೋ ಗರಗರ ಅಂದಿತು. ಅದು ಎಲ್ಲ ಗಾಡಿಗಳಲ್ಲೂ ಕೇಳುವ ರೇಡಿಯೋ.

"ವೆಂಡೆಲ್" ಅಂದ ಡಿಲಾಯ್. "ಹಿಂದೆ ಎಲ್ಲಾ ಸರಿ ಇದೆಯೇನಯ್ಯ? ದಾರೀಲಿ ಏನಾದ್ರೂ ಕಾಣಿಸ್ತಾ?"

ವೆಂಡೆಲ್ ಒಂದು ಕೈಯಲ್ಲಿ ಪಿಸ್ತೂಲು ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ರೇಡಿಯೋ ಗುಂಡಿಯ ಮೇಲಿಟ್ಟು, ತಿಳಿಯಾದ ಗಾಳಿಯನ್ನು ಎದೆ ತುಂಬ ಎಳೆದುಕೊಂಡ.

ಈಗ ಹೇಳಿ. ಅವನ ಜಾಗದಲ್ಲಿ ನೀವಿದ್ದಿದ್ದರೆ, ಆ ಗುಂಡಿ ಒತ್ತಿ ಏನು ಹೇಳುತ್ತಿದ್ದಿರಿ?