ತುಂಡು ಮಾಡಿದ ಉಪ್ಪಿಟ್ಟು

ತನ್ನ ಭಾನುವಾರದ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ಮಾತನಾಡಿಸುವುದಿಲ್ಲ ಎಂಬುದೇ ಮುರಳೀಧರನ ಕೊರಗು. ಅದರಲ್ಲೂ ಮಗಳು ಸ್ಮೃತಿಯದೇ ಹೆಚ್ಚಿನ ಚಿಂತೆ. ನೆದರ್ಲೆಂಡ್ಸಿನ ಬೆಸ್ಟ್ ಎಂಬ ಊರಿಗೆ ಬಂದು ವರ್ಷ ತುಂಬುವ ಮೊದಲೇ ಕೊರೊನಾ ಬಂದು ಶಾಲೆ ಮುಚ್ಚಿತು. ಹುಡುಗಿಗೆ ಒಬ್ಬ ಗೆಳತಿಯೂ ಸಿಗಲಿಲ್ಲ. ಅದಕ್ಕೇ ಅವನು ಅಕ್ಕಪಕ್ಕದ ಕನ್ನಡದ ಮಕ್ಕಳನ್ನು ಕೂಡಿಸಿ ಭಾನುವಾರದ ಆನ್‌ಲೈನ್ ತರಗತಿ ಶುರುಮಾಡಿದ್ದ. ಅವರೋ ಪರದೆಯ ಮೇಲೆ ಪಾಸ್‌ಪೋರ್ಟ್ ಫೋಟೋಗಳ ಹಾಗೆ ಕೂತಿರುತ್ತಿದ್ದರು.

ಇಂಟರ್ನೆಟ್ ಜಾಲಾಡಿ ಒಂದು ಉಪಾಯ ಹಿಡಿದ. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವುದು. ಉಳಿದದ್ದು ಬೇಕಾದರೆ ಬೇರೆಯವರನ್ನು ಕೇಳಲೇಬೇಕು. ಆರಿಸಿದ ಪಾಠ, ಉಪ್ಪಿಟ್ಟು ಮಾಡುವ ಬಗೆ. ಒಬ್ಬರಿಗೆ ರವೆ, ಇನ್ನೊಬ್ಬರಿಗೆ ಒಗ್ಗರಣೆ. ಹೊರಗೆ ಆ ಚಳಿಗಾಲದ ಮೊದಲ ಹಿಮ ಬಿದ್ದಿದ್ದ ಭಾನುವಾರ ಮಕ್ಕಳನ್ನು ಆನ್‌ಲೈನಿನಲ್ಲೇ ಅವರಷ್ಟೇ ಮಾತಾಡಿಕೊಳ್ಳುವ ಬೇರೆ ಕೋಣೆಗೆ ಕಳಿಸಿ ತಾನು ದೂರ ಉಳಿದ.

ಕನ್ನಡದವರ ಮನೆಯಲ್ಲಿ ಉಪ್ಪಿಟ್ಟು ಯಾರಿಗೆ ಗೊತ್ತಿಲ್ಲ? ಮಕ್ಕಳ ಹಿಂದೆ ನಿಂತ ಅಪ್ಪ ಅಮ್ಮಂದಿರೇ ಎಲ್ಲ ಹೇಳಿಕೊಟ್ಟಿದ್ದರು. ಮರಳಿ ಬಂದ ಪ್ರತಿ ಮಗುವಿನ ಕೈಯಲ್ಲೂ ಪೂರ್ತಿ ಉಪ್ಪಿಟ್ಟಿನ ಪಾಠ! ಮುರಳೀಧರನ ಮುಖ ಸಪ್ಪಗಾಯಿತು.

ಆಗ ಮನೀಶ ಮೆಲ್ಲಗೆ ಕೇಳಿದ, ಸಕ್ಕರೆ ಯಾವಾಗ ಹಾಕಬೇಕು ಅಂತ. ಅವನಮ್ಮ ಹರಿಣಾಕ್ಷಿ ಉಡುಪಿಯವರು, ಉಪ್ಪಿಟ್ಟಿಗೆ ಸಜ್ಜಿಗೆ ಎನ್ನುವವರು. ಸಕ್ಕರೆಯಿಲ್ಲದ ಸಜ್ಜಿಗೆ ಸಜ್ಜಿಗೆಯೇ ಅಲ್ಲ ಎಂದು ಕ್ಯಾಮರಾದ ಮುಂದೆ ಬಂದರು. ಅನ್ವಿತಾಳ ಅಪ್ಪ ಹಾಲಪ್ಪ ಧಾರವಾಡದವರು.

"ಉಪ್ಪಿಟ್ಟಿಗೆ ಸಕ್ಕರಿ ಹಾಕಿದ್ರ ಅದು ಶಿರಾ ಆಗ್ತದರೀ."

ಅಷ್ಟು ಸಾಕಾಯಿತು. ಅನ್ವಿತಾ ಮೈಕ್ ಕೆಟ್ಟಿದೆ ಎಂದು ಎದ್ದು ಹೋದಳು. ಒಬ್ಬೊಬ್ಬರಾಗಿ ಮಕ್ಕಳು ಮಾಯವಾಗಿ ಕುರ್ಚಿಗಳಲ್ಲಿ ದೊಡ್ಡವರು ಕೂತರು. ಸಮಾಧಾನ ಮಾಡಲು ಹೋಗಿ ಮುರಳೀಧರ, ತಮ್ಮ ಮನೆಯಲ್ಲಿ ಟೊಮೆಟೊ ಹಾಕುತ್ತೇವೆ ಎಂದುಬಿಟ್ಟ. ಇಬ್ಬರೂ ಅವನ ಮೇಲೆಯೇ ತಿರುಗಿಬಿದ್ದರು. ರೇಗಿ, ಮುಂದಿನ ವಾರದಿಂದ ತರಗತಿಯೇ ಇಲ್ಲ ಎಂದ. ಎಲ್ಲರೂ ತಕ್ಷಣ ಒಪ್ಪಿದರು.

ಕಿಟಕಿಯಾಚೆ ಕೇಕೆ ಕೇಳಿತು. ಮನೀಶ, ಅನ್ವಿತಾ ಮತ್ತುಳಿದವರು ಬಯಲಿನಲ್ಲಿ ಒಟ್ಟಾಗಿ ಹಿಮದ ಗೋಡೆ ಕಟ್ಟುತ್ತಿದ್ದರು. ಅವನ ಎದೆ ಅರಳಿತು. ಮಗಳನ್ನು ಹುಡುಕಿದ, ಅವಳು ಮಾತ್ರ ಅಲ್ಲಿರಲಿಲ್ಲ. ಪಕ್ಕದ ರೂಮಿನಲ್ಲಿ, ಬಾಗಿಲು ಹಾಕಿಕೊಂಡು, ಜಗಳದ ಸದ್ದು ತಾಳದೆ ಹೆಡ್‌ಫೋನ್ ತೆಗೆದಿಟ್ಟು, ಲ್ಯಾಪ್‌ಟಾಪಿನ ಮುಂದೆ ನೆಟ್ಟಗೆ ಕೂತಿದ್ದಳು.

"ನೀನ್ಯಾಕೆ ಹೋಗ್ಲಿಲ್ಲ ಪುಟ್ಟಿ?"

"ಗ್ರೂಪ್ ವರ್ಕ್ ಅಪ್ಪ. ನೀನು ಕಳಿಸಿದ ರೂಮಲ್ಲೇ ಡಚ್‌ನಲ್ಲಿ ಪ್ಲಾನ್ ಮಾಡಿದ್ವಿ, ಪೇರೆಂಟ್ಸ್‌ಗೆ ಗೊತ್ತಾಗ್ಲಿಲ್ಲ. ಮನೀಶ್ ಸಕ್ಕರೆ ಕೇಳಿ ಜಗಳ ಹಚ್ಚೋದು, ಅನ್ವಿತಾ ಮೈಕ್ ನೆಪ ಹೇಳಿ ಹೊರಡೋದು. ನಿಂಗೆ ಡೌಟ್ ಬರದೇ ಇರೋ ಹಾಗೆ ಕೂತಿರೋದು ನನ್ನ ಪಾರ್ಟ್." ಅವಳ ಕಣ್ಣು ಹೊಳೆಯಿತು. "ನೆಕ್ಸ್ಟ್ ಸಂಡೆ ಬೇರೆಯವರು ಕೂತಿರ್ತಾರೆ, ನಾನು ಆಟಕ್ಕೆ. ಕ್ಲಾಸ್ ಇರುತ್ತೆ ಅಲ್ವಾ?"

ದುಡುಕಿದೆನಲ್ಲ ಎಂದುಕೊಂಡ ಮುರಳೀಧರ. ಓಡಿಹೋಗಿ ಹರಿಣಾಕ್ಷಿಗೆ ಫೋನ್ ಮಾಡಿದ. ತಪ್ಪಾಯಿತು, ತರಗತಿ ಮುಂದುವರಿಸೋಣ ಎಂದು ಅಂಗಲಾಚಿದ.

ಅವರು ಕೋಪ ಮರೆತು ಕನಿಕರದಿಂದಲೇ ಹೇಳಿದರು: "ಬೇಡ ಮಾರಾಯ್ರೆ, ನೀವಾದ್ರೂ ಎಷ್ಟೂಂತ ಕಷ್ಟಪಡುದು? ನಮ್ಮ ಮಕ್ಕಳಿಗೆ ಒಟ್ಟು ಸೇರಿ ಒಂದು ಕೆಲಸ ಮಾಡ್ಲಿಕ್ಕೆ ಬರುದೇ ಇಲ್ಲ."

ನಿಜ ಹೇಳಿದರೆ ಆ ಮಕ್ಕಳ ಕಣ್ಣಿಗೆ ಮಗಳು ಚಾಡಿಕೋರನ ಮಗಳಾಗುತ್ತಾಳೆ. ಹೌದು ಮೇಡಂ ಎಂದು ಅವನು ಫೋನಿಟ್ಟ.