ಸೀಸದ ಮಾಸ್ತರ

ಪರೋಪಕಾರಕ್ಕಿಂತ ದೊಡ್ಡ ಧರ್ಮ ಮತ್ತೊಂದಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಆ ಪರೋಪಕಾರಿಯು ಬೆಳಿಗ್ಗೆ ಒಂಬತ್ತಕ್ಕೆ ವಹಿ ಹಿಡಿದು ಸೀದಾ ಅಡಿಗೆಮನೆಗೇ ಬಂದುಬಿಟ್ಟರೆ ಮನೆಯವರು ಹಿತ್ತಲ ಬಾಗಿಲಿನಿಂದ ಪಾರಾಗುತ್ತಾರೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಬಹುಶಃ ಆ ಹಿರಿಯರು ಬನಹಟ್ಟಿಯಲ್ಲಿ ಯಾವ ಕಾರ್ಯಕ್ರಮವನ್ನೂ ನಡೆಸಿರಲಿಕ್ಕಿಲ್ಲ. ನಾನು ನಡೆಸಿದ್ದೇನೆ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾಗಿ, ಇನ್ನು ಯಾರನ್ನು ತಿದ್ದಬೇಕೆಂದು ತಿಳಿಯದೆ ಕುಳಿತಿದ್ದಾಗ ಒಂದು ಸೇವಾಸಂಸ್ಥೆಯವರು ಬಂದು, ಮಕ್ಕಳ ಮೈಗೆ ಸೀಸ ಸೇರದಂತೆ ತಡೆಯುವ ಕೆಲಸಕ್ಕೆ ನನ್ನನ್ನು ಸ್ಥಳೀಯ ಸಂಯೋಜಕನನ್ನಾಗಿ ಮಾಡಿದರು. ಈ ಸೀಸವೆಂಬುದು ಬಾಗಿಲ ಬಣ್ಣದಲ್ಲಿ, ಕಣ್ಣಿನ ಕಾಡಿಗೆಯಲ್ಲಿ, ಕಲಬೆರಕೆ ಕಲಾಯಿಯಲ್ಲಿ, ಒಡೆದ ಬ್ಯಾಟರಿಯಲ್ಲಿ ಅಡಗಿ ಕುಳಿತಿರುತ್ತದೆ. ಚೂರುಚೂರೇ ಮಗುವಿನ ಹೊಟ್ಟೆಗೆ ಹೋಗಿ ರಕ್ತ ಸೇರುತ್ತದೆ. ಜ್ವರವಿಲ್ಲ, ಗುಳ್ಳೆಯಿಲ್ಲ, ಸದ್ದಿಲ್ಲದೆ ಬುದ್ಧಿಯನ್ನು ಮಂಕು ಮಾಡುತ್ತದೆ. ಇದನ್ನು ನಾನು ಓಣಿ ಓಣಿಯಲ್ಲಿ ನಿಂತು ಗಂಭೀರವಾಗಿ ವಿವರಿಸಿದೆ. ಮಗ್ಗಗಳ ಸದ್ದಿನಲ್ಲಿ ಅರ್ಧ ಯಾರಿಗೂ ಕೇಳಿಸಲಿಲ್ಲ. ಉಳಿದರ್ಧ ಕೇಳಿಸಿಕೊಂಡ ಒಬ್ಬ ಅಜ್ಜ, ತನ್ನ ಮಗ ವಿಜ್ಞಾನದಲ್ಲಿ ನಪಾಸಾದದ್ದು ಸೀಸದಿಂದಲೇ ಇರಬೇಕು, ಇಷ್ಟು ದಿನ ಸುಮ್ಮನೆ ನಿಮ್ಮನ್ನು ಬೈದೆವು ಎಂದು ನನ್ನಲ್ಲಿ ಕ್ಷಮೆ ಕೇಳಿದ. ಓಣಿಯ ಮಂದಿ ನನಗೆ ಸೀಸದ ಮಾಸ್ತರನೆಂದು ಹೆಸರಿಟ್ಟರು. ಮೂವತ್ತು ವರ್ಷ ಕಲಿಸಿದರೂ ಬಾರದ ಬಿರುದು ಒಂದೇ ವಾರದಲ್ಲಿ ಬಂತು.

ಮಕ್ಕಳ ರಕ್ತ ಪರೀಕ್ಷೆಯಾಯಿತು. ಉಳಿದ ಓಣಿಗಳ ಮಕ್ಕಳದು ಹೆಚ್ಚುಕಡಿಮೆ ಸರಿ ಇತ್ತು. ಕೆಟ್ಟಿದ್ದು ನಮ್ಮ ಓಣಿಯ ಐದು ಮಕ್ಕಳದು ಮಾತ್ರ. ಅದರಲ್ಲೂ ಎಲ್ಲರಿಗಿಂತ ಹೆಚ್ಚು ನಮ್ಮ ಎದುರುಮನೆಯ ನೀಲವ್ವನ ಮೊಮ್ಮಗಳದು. ಗೌರಿಗೆ ಆಗ ವರ್ಷ ತುಂಬಿ ಎರಡು ತಿಂಗಳು. ಮುಖ ಬಿಳಚಿಕೊಂಡಿತ್ತು, ಗಂಜಿ ಕಂಡರೆ ಮೋರೆ ತಿರುವುತ್ತಿತ್ತು. ಡಾಕ್ಟರು, ಸೀಸ ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ತೆಗೆದರೆ ತಾನಾಗಿಯೇ ಇಳಿಯುತ್ತದೆ, ಇಳಿಯದೆ ಹೀಗೇ ಏರಿದರೆ ಬೆಳಗಾವಿಯ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು. ಹುಡುಕುವ ಕೆಲಸ ನನ್ನದು.

ನನ್ನ ಮೊದಲ ಅನುಮಾನ ಕಲಾಯಿ ಹಾಕುವ ಹುಸೇನಸಾಬರ ಮೇಲೆ. ಓಣಿಯ ಹಿತ್ತಾಳೆ ಪಾತ್ರೆಗಳಿಗೆಲ್ಲ ಅವರದೇ ಕಲಾಯಿ. ಕಲಾಯಿಗೆ ಬಳಸುವ ತವರದಲ್ಲಿ ಸೀಸ ಬೆರೆಸುವವರಿರುತ್ತಾರೆಂದು ನಾನು ಅವರ ಕುಲುಮೆಯ ಮುಂದೆಯೇ ನಿಂತು ಒಂದು ಉಪನ್ಯಾಸ ಕೊಟ್ಟೆ. ಅವರು ತಿದಿ ಒತ್ತುವುದನ್ನು ನಿಲ್ಲಿಸದೆ, ತಮ್ಮ ಮನೆಯ ಮಕ್ಕಳೂ ಅದೇ ಕಲಾಯಿಯ ಪಾತ್ರೆಯಲ್ಲೇ ಉಣ್ಣುತ್ತವೆ ಎಂದರು. ನಾನು ಒಂದು ತುಂಡು ತವರ ಪರೀಕ್ಷೆಗೆ ಕಳಿಸಿದೆ. ಅಪ್ಪಟ ತವರವೆಂದು ವರದಿ ಬಂತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಚಹಾ ಕುಡಿಸಿ ಕಳಿಸಿದರು. ಅದು ಬೈಗುಳಕ್ಕಿಂತ ಬಿರುಸಾಗಿತ್ತು.

ಆಮೇಲೆ ನೀಲವ್ವನ ಮನೆಯ ಕಾಡಿಗೆಯ ಡಬ್ಬಿಯನ್ನು ವಶಪಡಿಸಿಕೊಂಡೆ. ಆಮೇಲೆ ಬಣ್ಣ ಸುಲಿದ ಬಾಗಿಲಿಗೆ ಬಟ್ಟೆ ಹೊದಿಸಿ ಮುಚ್ಚಿಸಿದೆ. ದಿನಾ ಸಂಜೆ ಅವರ ಪಡಸಾಲೆಯಲ್ಲಿ ಕುಳಿತು, ಎಡಗೈಯಿಂದ ಗೌರಿಯ ತೊಟ್ಟಿಲು ತೂಗುತ್ತ, ಬಲಗೈಯಿಂದ ಅಪಾಯಗಳ ಪಟ್ಟಿ ಬರೆಯುತ್ತಿದ್ದೆ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆಯಾಯಿತು. ಸೀಸ ಏರಿತ್ತು.

ಆ ದಿನ ನೀಲವ್ವ ವರದಿಯ ಕಾಗದವನ್ನು ಮುಟ್ಟಲಿಲ್ಲ. “ಮಾಸ್ತರ್ರ, ಹಿತ್ತಾಳಿ ಭಾಂಡೆ ಅಟ್ಟಕ್ಕ ಹಾಕೇನಿ, ಕಾಡಿಗಿ ಬಿಟ್ಟೇನಿ, ಬಾಗಲಕ್ಕ ಹಳೇ ಸೀರಿ ಹೊಚ್ಚೇನಿ. ಇನ್ನ ಮನ್ಯಾಗ ಉಳದಾಕಿ ನಾನೊಬ್ಬಾಕಿ. ನನ್ನೂ ಹೊರಗ ಇಡ್ಲೇನ್ರಿ?” ಎಂದಳು.

ನಾನು ನೆಲ ನೋಡಿದೆ, ಜಂತಿ ನೋಡಿದೆ, ನೋಡಲು ಬೇರೇನೂ ಉಳಿಯದೆ ಗೌರಿಯನ್ನು ನೋಡಿದೆ. ಅವಳು ತೊಟ್ಟಿಲಲ್ಲಿ ಎದ್ದು ನಿಂತು, ಅಂಚಿನ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು, ಹೊಸ ಹಲ್ಲುಗಳಿಂದ ಇಲಿಯಂತೆ ಕೆರೆಯುತ್ತಿದ್ದಳು. ತುಟಿಯ ಮೇಲೆ ಹಳದಿ ಬಣ್ಣದ ಚಕ್ಕೆಯಿತ್ತು. ಕಡಿದ ಜಾಗದಲ್ಲಿ ಹಳದಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಂಪು ಕಾಣುತ್ತಿತ್ತು. ಆ ತೊಟ್ಟಿಲು ನನ್ನದು.

ನನ್ನ ಅಜ್ಜ ಸಾಗವಾನಿಯಲ್ಲಿ ಮಾಡಿಸಿದ ಈ ತೊಟ್ಟಿಲಿನ ಕಾಲ್ಗುಣ ಛಲೋ ಎಂದು ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರವು ಒಯ್ಯುತ್ತಿದ್ದರು. ಎರವು ತಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು, ಒಂದು ಹಿಡಿ ಜೋಳವನ್ನಾದರೂ ಹಾಕಿ ಕೊಡಬೇಕು ಎಂಬುದು ನಮ್ಮ ಕಡೆಯ ಮರ್ಯಾದೆ. ತೊಟ್ಟಿಲಿಗೆ ಜೋಳ ಹಾಕಿ ಏನು ಮಾಡುವುದು? ಅದಕ್ಕಾಗಿ ಓಣಿಯವರು ಅದಕ್ಕೊಂದು ಹೊಸ ಬಣ್ಣ ಬಳಿದು ಮರಳಿಸುತ್ತಿದ್ದರು. ಹೀಗೆ ಎರಡು ತಲೆಮಾರಿನ ಕೃತಜ್ಞತೆ ಅದರ ಮೇಲೆ ಪದರಪದರವಾಗಿ ಕುಳಿತಿತ್ತು. ಊರಿನ ಬಾಗಿಲುಗಳನ್ನೆಲ್ಲ ಕೆರೆದು ನೋಡಿದ ನಾನು ಅದನ್ನು ನೋಡಲಿಲ್ಲ. ನಮ್ಮ ಮನೆಯ ವಸ್ತುವಿನಲ್ಲಿ ದೋಷವಿರುತ್ತದೆಂದು ಯಾವ ಸಂಯೋಜಕನಿಗೆ ತಾನೇ ಹೊಳೆಯುತ್ತದೆ?

ಮನೆಗೆ ಬಂದು, ಈಚೆಗೆ ತೊಟ್ಟಿಲು ಯಾರ್ಯಾರ ಮನೆಗೆ ಹೋಗಿತ್ತೆಂದು ಹೆಂಡತಿಯನ್ನು ಕೇಳಿದೆ. ಅವಳು ಮೆಂತ್ಯ ಪಲ್ಲೆ ಸೋಸುತ್ತ, ತಲೆ ಎತ್ತದೆ, ಐದು ಕೂಸುಗಳ ಹೆಸರನ್ನು ಒಂದೇ ಉಸಿರಿಗೆ ಹೇಳಿದಳು. ನನ್ನ ವಹಿಯಲ್ಲಿದ್ದ ಐದು ಹೆಸರೂ ಅವೇ. “ಮೂರು ತಿಂಗಳ ಊರ ಮಂದಿನ್ನೆಲ್ಲಾ ಕೇಳಿದ್ರಿ. ನನ್ನೊಬ್ಬಾಕಿನ್ನ ಕೇಳ್ಲಿಲ್ಲ ನೋಡ್ರಿ,” ಎಂದಳು.

ಎದುರುಮನೆಗೆ ಹೋಗಲು ಹತ್ತು ಹೆಜ್ಜೆ ಸಾಕು. ಆ ಸಂಜೆ ಅಷ್ಟಕ್ಕೆ ನನಗೆ ಅರ್ಧ ತಾಸು ಹಿಡಿಯಿತು. ವಿಷಯ ತಿಳಿಸಿದೆ. ನೀಲವ್ವ ಮೊದಲು ಗೌರಿಯನ್ನು ತೊಟ್ಟಿಲಿನಿಂದ ಎತ್ತಿ ಸೊಂಟಕ್ಕೆ ಏರಿಸಿಕೊಂಡಳು. ಆಮೇಲೆ ಕಡಿದ ಪಟ್ಟಿಯ ಮೇಲೆ ಬೆರಳಾಡಿಸಿದಳು.

“ಈ ಹಸರು ನಮ್ಮದ್ರಿ. ದೊಡ್ಡ ಮೊಮ್ಮಗ ಇದರಾಗ ಮಲಗಿದಾಗ ಹಚ್ಚಿದ್ದು. ತೆಳ್ಳಗಾಗೇತಿ ಅಂತ ನೀವ ತಿರಗಿ ಕಳಿಸಿದ್ರಿ. ಎರಡನೇ ಸಲ ದಪ್ಪಗ ಹಚ್ಚಿ ಕೊಟ್ವಿ.”

ಖರೆ. ಕಳಿಸಿದ್ದೆ. ಮಾಸ್ತರನಲ್ಲವೇ, ಯಾರು ಏನು ಬರೆದು ತಂದರೂ ಇನ್ನೊಮ್ಮೆ ಬರೆದು ತಾ ಎನ್ನುವುದು ರೂಢಿಯಾಗಿತ್ತು.

ಮರುದಿನ ನಾನು ಪಶ್ಚಾತ್ತಾಪದಿಂದ ಉಸುಕಿನ ಕಾಗದ ತಂದು ಅಂಗಳದಲ್ಲೇ ತೊಟ್ಟಿಲನ್ನು ಉಜ್ಜಲು ಕುಳಿತೆ. ಫೋನಿನಲ್ಲಿ ಇದನ್ನು ಕೇಳಿದ ಡಾಕ್ಟರು, ಆ ಧೂಳು ಹಾರಿದರೆ ಐದು ಮಕ್ಕಳ ಪಟ್ಟಿ ಐವತ್ತಾಗುತ್ತದೆ ಎಂದು ಗದರಿಸಿದರು. ಸುಟ್ಟರೂ ಅದೇ ವಿಷ ಹೊಗೆಯಾಗಿ ಏಳುತ್ತದಂತೆ. ಅದಲ್ಲದೆ ತೊಟ್ಟಿಲು ಸುಟ್ಟವರುಂಟೇ ಎಂದು ಹೆಂಡತಿ. ಕಡೆಗೆ ನೂಲಿನ ಗಂಟು ಬರುವ ಪ್ಲಾಸ್ಟಿಕ್ಕಿನಲ್ಲಿ ಅದನ್ನು ಸುತ್ತಿ, ಹೊಲಿದು, ನಮ್ಮ ಅಟ್ಟಕ್ಕೆ ಏರಿಸಿದೆವು. ನೀಲವ್ವ ತಮ್ಮ ಮಗ್ಗದಲ್ಲೇ ನೇಯ್ದ ಒಂದು ಸೀರೆಯನ್ನು ಜಂತಿಗೆ ಕಟ್ಟಿ ಗೌರಿಗೆ ಜೋಳಿಗೆ ಮಾಡಿದಳು. ಅದನ್ನು ಕೂಸು ಎಷ್ಟು ಕಡಿದರೂ ನೂಲೇ ಬರುತ್ತಿತ್ತು.

ಸಂಸ್ಥೆಗೆ ಕೊಡುವ ವರದಿಯಲ್ಲಿ ‘ಸೀಸದ ಮೂಲ’ ಎಂಬ ಜಾಗದಲ್ಲಿ ‘ಸಂಯೋಜಕರ ಮನೆ’ ಎಂದು ಬರೆದು ಸಹಿ ಮಾಡಿದೆ. ತಪ್ಪಿ ಬರೆದಿರಬೇಕು, ತಿದ್ದಿ ಕಳಿಸಿ ಎಂದು ಪತ್ರ ಬಂತು. ತಿದ್ದುವಂಥದ್ದು ಏನೂ ಇಲ್ಲವೆಂದು ಉತ್ತರಿಸಿದೆ. ಮುಂದಿನ ಎರಡು ಪರೀಕ್ಷೆಗಳಲ್ಲಿ ಗೌರಿಯ ರಕ್ತದಲ್ಲಿದ್ದ ಸೀಸ ಇಳಿಯಿತು. ಅವಳನ್ನು ಬೆಳಗಾವಿಗೆ ಸೇರಿಸಬೇಕಾಗಲಿಲ್ಲ.