ಭಾವನ ಬಲಗೈ

ನಮ್ಮ ಭಾವನಿಗೆ ದೇಶ ಬದಲಾದದ್ದು ಪಾಸ್‌ಪೋರ್ಟಿನಲ್ಲಿ ಮಾತ್ರ ಎಂದರೆ ನೀವು ನಂಬಲಿಕ್ಕಿಲ್ಲ. ಆರೇಳು ವರ್ಷ ಹಾಲೆಂಡಿನಲ್ಲಿದ್ದವರನ್ನು ಕಂಪನಿ ಎತ್ತಿ ನೈರೋಬಿಗೆ ಹಾಕಿದಾಗ ಅವರು ಜೊತೆಗೆ ತಂದದ್ದು ನನ್ನ ಅಕ್ಕನನ್ನು ಮತ್ತು ಒಂದು ಸೈಕಲ್ಲನ್ನು. ಎರಡರಲ್ಲಿ ಯಾವುದು ಹೆಚ್ಚು ಜೋಪಾನವಾಗಿ ಬಂತು ಎಂದು ಅಕ್ಕನನ್ನು ಕೇಳಬೇಡಿ!

ನನಗೋ ಸೈಕಲ್ ಎಂದರೆ ಬೇರೆ. ನಮ್ಮಪ್ಪ ಮೈಸೂರಿನ ಬೀದಿಗಳಲ್ಲಿ ಸೈಕಲ್ ಮೇಲೆ ಸ್ಟೀಲ್ ಪಾತ್ರೆ ಹೇರಿಕೊಂಡು ಮಾರಿದವರು. ನಮ್ಮ ವಂಶದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವಿಲ್ಲ. ಓದಿದ್ದೇ ಪೆಡಲ್ ತಪ್ಪಲಿ ಎಂದು. ಓದಿದ ಫಲವಾಗಿ ನನಗೆ ಕೆಲಸ ಸಿಕ್ಕಿದ್ದೂ ಇದೇ ನೈರೋಬಿಯಲ್ಲಿ. ಅಪ್ಪರ್ ಹಿಲ್‌ನ ಬ್ಯಾಂಕಿಗೆ ಹೊರಟ ನನ್ನ ಕಾರು ಜಾಮ್‌ನಲ್ಲಿ ನಿಂತಿರುವಾಗ ಈ ಇಂಜಿನಿಯರ್ ಭಾವ ಟೈ ಹಾರಿಸುತ್ತ ಪಕ್ಕದಲ್ಲೇ ದಾಟಿಹೋದರೆ, ನಾನೇಕೆ ಅಷ್ಟೊಂದು ಪರೀಕ್ಷೆ ಬರೆದೆ ಅನಿಸುತ್ತಿತ್ತು.

ಹಾಲೆಂಡಿನಲ್ಲಿ ಸೈಕಲ್ಲಿಗೇ ಬೇರೆ ರಸ್ತೆ, ಬೇರೆ ಸಿಗ್ನಲ್ಲು. ಕಾರಿನವರು ಸೈಕಲ್ ಕಂಡರೆ ಅತ್ತೆಯನ್ನು ಕಂಡ ಹೊಸ ಸೊಸೆಯಂತೆ ನಿಂತುಬಿಡುತ್ತಾರಂತೆ. ಇಲ್ಲಿ ಫುಟ್‌ಪಾತನ್ನೇ ಹುಡುಕಬೇಕು. ಆದರೂ ಭಾವ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಕೆಂಪು ದೀಪಕ್ಕೆ ಒಬ್ಬರೇ ನಿಲ್ಲುವರು. ಪೊಲೀಸಿನವನೇ ಹೋಗು ಎಂದು ಕೈಬೀಸಿದರೂ, ದೀಪ ಹೇಳಲಿ ಎನ್ನುವರು.

ಎಲ್ಲಕ್ಕಿಂತ ದೊಡ್ಡ ಕಂಟಕ ಅವರ ಬಲಗೈ. ಬಲಕ್ಕೆ ತಿರುಗುವ ಮುನ್ನ ಅದನ್ನು ನೆಟ್ಟಗೆ ಚಾಚಲೇಬೇಕು. ನೈರೋಬಿಯಲ್ಲಿ ರಸ್ತೆಯಂಚಿನಲ್ಲಿ ಕೈ ಚಾಚಿದರೆ ಒಂದೇ ಅರ್ಥ: ಮಟಾಟು ನಿಲ್ಲಿಸಿ, ಹತ್ತಬೇಕು! ಜನರನ್ನು ತುಂಬಿಕೊಂಡು ಓಡುವ ಆ ವ್ಯಾನುಗಳು ಹಿಂದಿನಿಂದ ರೊಯ್ಯನೆ ಬಂದು, ಅವರ ಮುಂದೆಯೇ ಎಡಕ್ಕೆ ನುಗ್ಗಿ ನಿಲ್ಲುವವು. ಕಂಡಕ್ಟರ್ ಬಾಗಿಲಿಗೆ ಜೋತಾಡುತ್ತ ಸಿಬಿಡಿಗಾ, ಅಂದರೆ ಪೇಟೆಗಾ, ಎಂದು ಕೇಳುವನು. ಒಬ್ಬನಂತೂ ಸೈಕಲ್ಲನ್ನು ಮೇಲೆ ಕಟ್ಟಲು ಹಗ್ಗವನ್ನೇ ಬಿಚ್ಚಿದನಂತೆ.

"ಕೈ ತೋರಿಸೋದು ಬಿಟ್ಬಿಡಿ ಭಾವ," ಎಂದೆ.

"ತೋರಿಸದೆ ತಿರುಗೋದು ತಪ್ಪಲ್ವೇನಯ್ಯಾ? ಇವರೇ ಕಲೀತಾರೆ ಬಿಡು."

ಸಂಜೆಯಾದರೆ ಅಕ್ಕ ಬಾಲ್ಕನಿಯಲ್ಲಿ ನಿಂತು ಗೇಟು ನೋಡುವಳು. ಯಾರಾದರೂ ಈ ಸೈಕಲ್ ಕದಿಯಲಪ್ಪಾ ಎಂದು ಹರಕೆ ಹೊತ್ತಳು. ಯಾವ ಕಳ್ಳನೂ ಆ ಉಪಕಾರ ಮಾಡಲಿಲ್ಲ.

ಮಟಾಟಿನವರು ಕಲಿಯುವ ಮೊದಲೇ ಒಂದು ದಿನ ಗುದ್ದಿದರು. ಭಾವ ಕೈ ಚಾಚಿ ಬಲಕ್ಕೆ ಸರಿಯುತ್ತಿದ್ದರು. ಮಟಾಟು ಅವರನ್ನು ಹತ್ತಿಸಿಕೊಳ್ಳಲು ಎಡಕ್ಕೆ ಎಳೆಯಿತು. ತೊಡೆಯ ಮೂಳೆ ಮುರಿಯಿತು, ಮಂಡಿ ಪುಡಿಯಾಯಿತು. ಆಸ್ಪತ್ರೆಗೆ ಸೇರಿಸಿದ್ದೂ ಅದೇ ವ್ಯಾನು. ಅಂತೂ ಭಾವ ಮಟಾಟು ಹತ್ತಿದರು.

ಇನ್ನು ಸೈಕಲ್ ಮುಟ್ಟುವುದಿಲ್ಲವೆಂದು ಮಾತು ಕೊಡಿ ಎಂದಳು ಅಕ್ಕ. ಭಾವ ಹೂಂ ಎಂದರು. ವಾದವಿಲ್ಲ, ಹಾಲೆಂಡ್ ಇಲ್ಲ. ಮನೆಗೆ ಬಂದು ತಿಂಗಳುಗಳಾದರೂ ಉಪ್ಪಿಲ್ಲದ ಸಾರಿಗೆ ಹೂಂ, ಹೊರಗೆ ಹೋಗೋಣವೆಂದರೆ ಹೂಂ, ಆದರೆ ಏಳರು. ವ್ಯಾಯಾಮ ಮಾಡಿಸಲು ಬಂದವರಿಗೆ ಬೆನ್ನು ತಿರುಗಿಸಿ ಮಲಗಿದರು. ಹೀಗೇ ಬಿಟ್ಟರೆ ನಡೆಯುವುದೂ ನಿಂತುಹೋಗುತ್ತದೆ ಎಂದರು ಡಾಕ್ಟರು.

"ಬೇಡ್ಕೊಂಡಿದ್ದು ಸಿಕ್ತು ಕಣೋ," ಎಂದಳು ಅಕ್ಕ ಅಡುಗೆಮನೆಯಲ್ಲಿ, ಮೆಲ್ಲಗೆ. "ಮನೇಲೇ ಇದಾರೆ. ಆದ್ರೆ ಇವರು ಅವರಲ್ಲ."

ಮುಂದಿನ ಭಾನುವಾರ ಹೋದರೆ, ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ರಿಪೇರಿಯಾದ ಸೈಕಲ್. ಅದರ ಮೇಲೆ ಭಾವ. ಮಂಡಿ ಹೆಚ್ಚು ಮಡಚಬಾರದೆಂದು ಅಕ್ಕನೇ ಸೀಟು ಎತ್ತರಿಸಿದ್ದಳು. ಕಾಲಿಗೆ ನೆಲ ಎಟುಕುತ್ತಿರಲಿಲ್ಲ. ಅವಳು ದುಪಟ್ಟಾ ಸೊಂಟಕ್ಕೆ ಬಿಗಿದು, ಹಿಂದಿನಿಂದ ಕ್ಯಾರಿಯರ್ ಹಿಡಿದು ಏದುಸಿರು ಬಿಡುತ್ತಿದ್ದಳು.

"ಬಿಡಬೇಡ ಕಣೇ," ಎಂದರು ಭಾವ. ಅವರ ಬಲಗೈ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದಿತ್ತು.

"ಬಿಟ್ಟೋರ್ ಯಾರು? ತುಳೀರಿ ನೀವು."